ಗುಂಡಿಗಳು

ಮಾಗಡಿ ರಸ್ತೆಯಲ್ಲಿ, ಮುನಿಯಲ್ಲಪ್ಪನ ಇಸ್ತ್ರಿ ಗಾಡಿಗೆ
ನಾಲ್ಕು ಹೆಜ್ಜೆ ಮೊದಲು ಒಂದು ಗುಂಡಿ.
ಕೋಲಿಗೆ ಗೊತ್ತು. ತುದಿ ಒಳಗಿಳಿದಾಗ
ಮಣಿಕಟ್ಟಿಗೆ ಒಂದು ಕ್ಷಣ ನೆಲವೇ ಇಲ್ಲ.
ಇದ್ದಿಲ ಬಿಸಿ ಕೆನ್ನೆಗೆ ತಾಗುವ ಮೊದಲೇ
ಎಡಕ್ಕೆ ಸರಿಯುತ್ತೇನೆ. ಮೂರು ವರ್ಷದ ಪರಿಚಯ.

ಹೋದ ತಿಂಗಳು ಯಾರದೋ ಸ್ಕೂಟರ್ ಬಿತ್ತು.
ಮೊದಲು ಲೋಹ, ಆಮೇಲೆ ಊಟದ ಡಬ್ಬಿ, ಆಮೇಲೆ
ಮಗುವಿನ ಅಳು; ಚಿತ್ರಾನ್ನದ ವಾಸನೆ ರಸ್ತೆ ತುಂಬ.
"ದೂರು ಕೊಡೋಕೆ ಆ್ಯಪ್ ಇದೆಯಂತಲ್ಲಮ್ಮ" ಅಂದ ಮುನಿಯಲ್ಲಪ್ಪ,
"ನಂಗೆ ಓದೋಕೆ ಬರಲ್ಲ, ನಿಮ್ಮ ಫೋನು ಓದುತ್ತಲ್ಲ."

ಓದುತ್ತೆ.
ಬೆರಳಿಟ್ಟಲ್ಲೆಲ್ಲ ಓದುತ್ತೆ:
ಬಟನ್.
ಬಟನ್.
ಹೆಸರಿಲ್ಲದ ಬಟನ್.
ಚಿತ್ರ ನಲವತ್ತೇಳು.
ಕಣ್ಣಿದ್ದವರಿಗೆ ಅಲ್ಲೊಂದು ಕ್ಯಾಮೆರಾ, ಒಂದು ಕಸದ ಬುಟ್ಟಿ,
ಒಂದು ಕಾಗದದ ವಿಮಾನ ಕಾಣುತ್ತದಂತೆ.
ನನ್ನ ಕೋಲು ಗಾಜಿನೊಳಗೆ ಇಳಿಯುವುದಿಲ್ಲ.
ಇವೂ ಗುಂಡಿಗಳೇ. ಅಮ್ಮ ಅಂಗಿಗೆ ಹೊಲಿಯುತ್ತಿದ್ದ ಗುಂಡಿಗಾದರೂ
ನಾಲ್ಕು ತೂತಿದ್ದವು, ಎಣಿಸಬಹುದಿತ್ತು.

ಏರಿಯಾ ಆರಿಸು ಅಂತು, ಪಟ್ಟಿ ಓದಿತು.
ಈ ದನಿಗೆ ಹಳ್ಳಿ ಬರುವುದಿಲ್ಲ, ಹಲ್ಲಿ ಎನ್ನುತ್ತದೆ.
ಅಗ್ರಹಾರ ದಾಸರಹಲ್ಲಿ. ಕುರುಬರಹಲ್ಲಿ. ಮಾರತಹಲ್ಲಿ.
ಇಡೀ ಬೆಂಗಳೂರು ಗೋಡೆಗಂಟಿಕೊಂಡು ಲೊಚಗುಟ್ಟಿತು.
ಹಲ್ಲಿ ಲೊಚಗುಟ್ಟಿದರೆ ಆಡಿದ ಮಾತು ನಿಜವಂತೆ.
ನಕ್ಕು, ದೂರು ಬರೆದೆ.

ಫೋಟೋ ಕಡ್ಡಾಯ. ಗುಂಡಿಯ ಮೇಲೆ ಬಗ್ಗಿ ಹಿಡಿದೆ.
"ನಿಮ್ಮ ಚಪ್ಪಲಿನೂ ಬಂದಿದೆ." ಇರಲಿ, ಆಳ ತಿಳಿಯಲಿ.
ಕೊನೆಗೆ ಹೆಸರಿಲ್ಲದವು ಮೂರು. ನಡುವಿನದನ್ನು ಒತ್ತಿದೆ.
ಇಪ್ಪತ್ತು ನಿಮಿಷದ ಬರಹ ಅಳಿಸಿಹೋಯಿತು,
ಸದ್ದೇ ಇಲ್ಲದೆ.

ಎರಡನೇ ಸಲ ಬಲಗಡೆಯದು. ದೂರು ಸ್ವೀಕರಿಸಲಾಗಿದೆ.

ಆಮೇಲೆ ನಾನೇ ಹೆಸರಿಟ್ಟೆ. ಫೋನಿನಲ್ಲಿ ಆ ಸೌಲಭ್ಯವಿದೆ,
ಬೇಕಾದ ಬಟನ್ನಿಗೆ ಬೇಕಾದ ಹೆಸರು ಬರೆದುಕೊಳ್ಳಬಹುದು.
ನನ್ನ ನಾಮಕರಣದ ದಿನ ರತ್ನತ್ತೆ ತೊಟ್ಟಿಲಿಗೆ ಬಗ್ಗಿ
ಮೂರು ಸಲ ಅಂದಳಂತೆ: ವಾರಿಜಾ, ವಾರಿಜಾ, ವಾರಿಜಾ.
ಕೂಸಿಗೆ ಕಣ್ಣು ಕಾಣದೆಂದು ಆಗಿನ್ನೂ ಯಾರಿಗೂ ಗೊತ್ತಿರಲಿಲ್ಲ.
ಆದರೂ ಹೆಸರನ್ನು ಕಿವಿಯಲ್ಲೇ ಹೇಳಿದರು.
ಎಲ್ಲರಿಗೂ ಹೇಳುವುದು ಅಲ್ಲೇ.
ನಾನು ಬರೆದೆ: ಕಳಿಸು.
ಅದರ ಪಕ್ಕದ್ದಕ್ಕೆ: ಅಳಿಸು, ಹುಷಾರು.
ಬೆರಳಿಟ್ಟೆ. ಕಳಿಸು, ಅಂತು. ಮತ್ತೆ ಇಟ್ಟೆ. ಕಳಿಸು.
ಮೂರನೇ ಸಲ ಸುಮ್ಮನೆ, ಖುಷಿಗೆ.

ಮೊನ್ನೆ ರಾತ್ರಿ ಅಪ್‌ಡೇಟ್ ಬಂತು.
ಬೆಳಿಗ್ಗೆ ಬೆರಳಿಟ್ಟರೆ ಬಟನ್, ಬಟನ್, ಬಟನ್.
ಕೋಲು ಹಿಡಿದು ಹೊರಟೆ.
ದೂರದಿಂದಲೇ ಮುನಿಯಲ್ಲಪ್ಪನ ರೇಡಿಯೊ,
ನೀರು ಚಿಮುಕಿಸಿದ ಹತ್ತಿಬಟ್ಟೆಯ ಹಬೆ.
ಅದಕ್ಕೂ ನಾಲ್ಕು ಹೆಜ್ಜೆ ಮೊದಲು
ಕೋಲಿನ ತುದಿ ಇಳಿಯಿತು.
ಇದಿನ್ನೂ ಹಳೇ ವರ್ಷನ್ನು.