ನಮೂನೆ ಆರು

ಇಳಿತದ ಹೊತ್ತಿಗೆ ಗಂಗಾವಳಿ ದಡದ ಮನೆಗಳಲ್ಲಿ ಹೆಂಗಸರು ಸಿಗುವುದಿಲ್ಲ.
ಅದಕ್ಕೇ ನಾನೇ ಹೊಳೆಗೆ ಇಳಿಯುತ್ತೇನೆ,
ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ,
ಮತದಾರರ ಪಟ್ಟಿಯನ್ನು ಹಾಲಿನ ಪುಡಿಯ ಖಾಲಿ ಚೀಲದಲ್ಲಿ ಸುತ್ತಿ.
ಬೆಳಿಗ್ಗೆ ಅಂಗನವಾಡಿ, ಮಧ್ಯಾಹ್ನದ ಮೇಲೆ ಬಿ.ಎಲ್.ಓ.
ಎರಡಕ್ಕೂ ಒಂದೇ ಜೊತೆ ಚಪ್ಪಲಿ, ಅದನ್ನು ದಡದಲ್ಲಿ ಬಿಟ್ಟಿದ್ದೇನೆ.

ಮಾದೇವಿ ಅಂಬಿಗ ಸೊಂಟದ ನೀರಲ್ಲಿ ಬಳಚು ಹೆಕ್ಕುತ್ತಿದ್ದಳು.
ಕಾಲಲ್ಲಿ ಹುಡುಕುತ್ತಾಳೆ, ಕೈ ಆಮೇಲೆ ಹೋಗುತ್ತದೆ.
"ಓಟು ಹಾಕಿದ್ರೆ ಬಳಚು ಜಾಸ್ತಿ ಸಿಕ್ತದಾ ಅಕ್ಕೋರೆ?"
"ಇಲ್ಲ" ಅಂದೆ.
ನಿಜ ಹೇಳಿದ್ದಕ್ಕೋ ಏನೋ,
ತೇಲುವ ಪಾತ್ರೆಯನ್ನು ಬದಿಗೆ ತಳ್ಳಿ ಹತ್ತಿರ ಬಂದಳು.

ತವರು ಆಚೆ ದಡದ ಮಂಜಗುಣಿ. ಇಲ್ಲಿಂದಲೇ ಕಾಣುತ್ತದೆ:
ಅಣ್ಣನ ಮನೆಯ ನೀಲಿ ತಗಡು, ಒಣಗಲು ಹರವಿದ ಬಲೆ.
ಗಾಳಿ ಈ ಕಡೆಗಿದ್ದರೆ ಅತ್ತಿಗೆ ಬೈಯುವುದೂ ಕೇಳುತ್ತದೆ.
ಆದರೆ ಅದು ಬೇರೆ ತಾಲೂಕು, ಬೇರೆ ಕ್ಷೇತ್ರ.
ನಾನು ತಂದಿದ್ದು ನಮೂನೆ ಎಂಟು, ವಿಳಾಸ ಬದಲಿಸುವವರದ್ದು.
ಆಚೆಯ ಬಿ.ಎಲ್.ಓ.ಗೆ ನೀರಿನಲ್ಲೇ ನಿಂತು ಫೋನು ಮಾಡಿದೆ.
ಹಳೆಯ ಪಟ್ಟಿ ತಿರುವಿ ಹೇಳಿದರು:
ಮದುವೆಯ ವರ್ಷವೇ ಹೆಸರು ತೆಗೆದಾಗಿದೆ. ಕಾರಣ, ಸ್ಥಳಾಂತರ.
ಆಚೆ ಅಳಿಸಿದರು. ಈಚೆ ಯಾರೂ ಬರೆಯಲಿಲ್ಲ.
"ಹಾಗಾದ್ರೆ ಹನ್ನೊಂದು ವರ್ಷ ನಾ ಎಲ್ಲಿದ್ದೆ?" ಅಂದಳು.
ಆಮೇಲೆ ಸೊಂಟ ಸುತ್ತುವ ನೀರನ್ನೇ ನೋಡಿ
ಜೋರಾಗಿ ನಕ್ಕಳು.

ವಿಧಾನಸಭೆಯವೇ ಎರಡು ಚುನಾವಣೆ ಹಾಗೆ ಹೋದವು.
ಅಂಗಳಕ್ಕೆ ಬಂದವರು ಅತ್ತೆಗೆ ಕೈ ಮುಗಿಯುತ್ತಾರೆ,
ಗಂಡನಿಗೆ ಮುಗಿಯುತ್ತಾರೆ,
ಪಕ್ಕದವನು ಕಿವಿಯಲ್ಲಿ ಏನೋ ಹೇಳಿದ ಮೇಲೆ
ಇವಳ ಮುಂದೆ ಮುಗಿದ ಕೈ ಬಿಚ್ಚಿ
ಕುಡಿಯಲು ನೀರು ಕೇಳುತ್ತಾರೆ.

ನಮೂನೆ ಆರು ಹಿಡಿದು ಮತ್ತೆ ಹೋದೆ.
ಹುಟ್ಟಿದ ದಿನ? ಅವಳ ಅವ್ವೆಯ ಲೆಕ್ಕದಲ್ಲಿ ನವರಾತ್ರಿಯ ಹಿಂದಿನ ಅಮಾವಾಸ್ಯೆ,
ಶಾಲೆಯ ಲೆಕ್ಕದಲ್ಲಿ ಜೂನ್ ಒಂದು.
ಜೂನ್ ಒಂದೇ ಬರೆದೆ. ಸರ್ಕಾರಕ್ಕೆ ನಾವೆಲ್ಲ
ಶಾಲೆ ತೆರೆಯುವ ದಿನ ಹುಟ್ಟಿದವರು.
ಸಂಬಂಧಿಯ ಹೆಸರು?
"ಅಪ್ಪಂದು ಬರೀರಿ. ಗಂಡಂದು ರೇಶನ್ ಕಾರ್ಡಲ್ಲಿ ಅದೆ."
ಫೋಟೊಗೆ ಇಬ್ಬರು ಮಕ್ಕಳು ಹಿಂದೆ ಬಿಳಿ ಪಂಚೆ ಹಿಡಿದು ನಿಂತರು,
ಒಂದು ಕಿರುಬೆರಳು ಚಿತ್ರದಲ್ಲಿ ಬಂದೇ ಬಂತು.

ಕರಡು ಪಟ್ಟಿ ಪಂಚಾಯ್ತಿ ಗೋಡೆ ಹತ್ತಿದಾಗ ನೋಡಿದರೆ
ಮಹಾದೇವ ಅಂಬಿಗ, ಪುರುಷ.
ಅದಕ್ಕೆ ಮತ್ತೊಂದು ನಮೂನೆ ಎಂಟು.
ಈ ಸಲ ಅವಳು ನಗಲಿಲ್ಲ, ನಾನು ನಕ್ಕೆ,
ತಪ್ಪು ನನ್ನದಲ್ಲ ಎಂದು ತೋರಿಸಲು.

ಮೇ ತಿಂಗಳ ಬುಧವಾರ. ಇಳಿತ ಹತ್ತೂವರೆಗೆ,
ಹಾಗಾಗಿ ಏಳು ಹೊಡೆಯುವ ಮೊದಲೇ ಸಾಲಿನಲ್ಲಿದ್ದಳು.
ನಾನು ಶಾಲೆಯ ಹೊರಗೆ ಬಾದಾಮಿ ಮರದ ಕೆಳಗೆ, ಅಕಾರಾದಿ ಪಟ್ಟಿ ಮಡಿಲಲ್ಲಿ.
ಕಿಟಕಿಯಿಂದ ಕೇಳಿತು:
ಆರುನೂರ ಹದಿನೇಳು, ಮಾದೇವಿ ಅಂಬಿಗ.
ಮೂರೂ ಏಜೆಂಟರ ಪೆನ್ನು ಕೆರೆದ ಸದ್ದೂ ಕೇಳಿದ ಹಾಗಾಯಿತು.
ಎಡಗೈ ತೋರುಬೆರಳಿಗೆ ಬಟ್ಟೆ ಸುತ್ತಿತ್ತು, ಚಿಪ್ಪು ಕೊಯ್ದದ್ದು.
ಬಿಚ್ಚಿ ಅಂದರಂತೆ. ಬಿಚ್ಚಿದಳಂತೆ.
ಶಾಯಿ ಹಚ್ಚಿದ ಹುಡುಗ, ಉರಿಯುತ್ತದಾ ಎಂದು ಕೇಳಿದನಂತೆ.
"ಉಪ್ಪುನೀರಿಗಿಂತ ಕಮ್ಮಿ."
ಆಮೇಲೆ ರಟ್ಟಿನ ಮರೆ. ಅಲ್ಲಿ ಏನಾಯಿತೋ ನನಗೆ ಗೊತ್ತಿಲ್ಲ,
ಗೊತ್ತಿರಬಾರದು. ಬೀಪ್ ಮಾತ್ರ ಕೇಳಿತು, ತುಸು ಉದ್ದಕ್ಕೆ.
ಹೊರಬಂದವಳದು ಒಂದೇ ತಕರಾರು:
"ಆ ಚೀಟಿ ಗಾಜಿನೊಳಗೇ ಬಿದ್ದೋಯ್ತಲ್ಲ, ನಮ್ಮ ಕೈಗೆ ಕೊಡೂದಿಲ್ವಾ?"

ಮಳೆ ಹಿಡಿಯುವ ಮೊದಲು ನಾದಿನಿಯ ಮದುವೆ. ಗಂಡು ಮಂಜಗುಣಿಯವನು.
ಕರೆಯೋಲೆ ಕೊಡಲು ಬಂದಳು,
ಉಗುರಿನ ಕಪ್ಪು ಇನ್ನೂ ಬುಡ ಬಿಟ್ಟಿರಲಿಲ್ಲ.
ಚಾ ಬೇಡವೆಂದಳು. ಹೊಸಿಲು ದಾಟಿದವಳು ತಿರುಗಿ ನಿಂತು,
"ಅಕ್ಕೋರೆ, ಆ ದಡದಲ್ಲಿ ಬರೆದದ್ದು ನಾ ಕಣ್ಣಾರೆ ನೋಡೂವರೆಗೆ
ಈ ದಡದ್ದು ಅಳಿಸ್ಬೇಡಿ."