ಕೋಳಿ ಒಪ್ಪಿಸುವಾಗ

ಬಾಗಲಾ ಉತ್ತರಕ್ಕ ಇಟ್ಟೀನಿ, ಫಕೀರೇಶಿ.
ಕಡಲು ಆ ಕಡೆ ಐತಿ. ಗಾಳಿ ಅನ್ನೋದು
ಬಂದ್ರ ಅಲ್ಲಿಂದಲೇ ಬರಬೇಕು.
ತಗಡಿನ ಮ್ಯಾಲ ಖರ್ಜೂರದ ಗರಿ, ಮೂರು ಪದರ.
ಬರೇ ತಗಡು ಇದ್ರ ಒಳಗಿನ ಜೀವ
ಹಂಚಿನ ಮ್ಯಾಗಿನ ರೊಟ್ಟಿ.

ಎಣಿಸಿಕೋ. ಹದಿನಾರು.

ಕೆಂಪನ್ನವು ಮೂರು, ಬರ್ಕಾದ ಸಂತ್ಯಾಗ ಕೊಂಡದ್ದು.
ಕಂಪನಿ ಶೆಡ್ಡಿನವು, ಕೊಕ್ಕಿನ ತುದಿ ಸುಟ್ಟಾರ.
ಮಣ್ಣು ಅಂದ್ರೇನಂತ ಗೊತ್ತಿರಲಿಲ್ಲ ಅವಕ್ಕ.
ಕುಕ್ಕರಗಾಲಿಲೆ ಕುಂತು ಬೆರಳಿಲೆ ಕೆದರಿ ತೋರಿಸೀನಿ.
ಕೋಳಿಗೆ ಕೆದರೂದು ಕಲಿಸಿದ ಮನಶಾ
ಈ ಒಮಾನಿನಾಗ ನಾನೊಬ್ಬನೇ ಇರಬೇಕು.

ಐದು ಇಲ್ಲಿಯವೇ, ಸಣ್ಣವು, ನಮ್ಮ ಜವಾರಿ ಹಾಂಗ.
ಎರಡು ಚಿಕ್ಕಿ ಚಿಕ್ಕಿ ಫಯೂಮಿ, ಗೋಡಿ ಹಾರತಾವ.
ಒಂದೇ ರೆಕ್ಕಿ ಕತ್ತರಿಸು.
ಎರಡೂ ಕತ್ತರಿಸಿದ್ರ ತೂಕ ಸರಿಯಾಗಿ ಮತ್ತ ಹಾರತಾವ.
ಬೋಳಗುತ್ತಿಗಿದು ಒಂದು. ಬಂದವರೆಲ್ಲ ನೋಡಿ ನಗತಾರ.
ಜುಲೈ ತಿಂಗಳದಾಗ ನಗೂದು ಆಕಿ ಪಾಳಿ.

ಆ ದಪ್ಪನ್ನದು, ಕಾಲತುಂಬ ಗರಿ ಇರೂದು,
ಧಣಿ ಮಗ ಸೀಬಿನಿಂದ ತಂದದ್ದು. ಇಪ್ಪತ್ತೈದು ರಿಯಾಲ್!
ಕೋಳಿ ಕಾಲಿಗೆ ಗೆಜ್ಜಿ ಕಟ್ಟಿದ್ರ
ತಿಪ್ಪಿ ಕೆದರೂದು ಬಿಟ್ಟೀತೇನು ಅಂತಾರಲ್ಲ,
ಇದು ಕಾಲಚೀಲ ಹಾಕ್ಕೊಂಡೇ ಕೆದರತೈತಿ.
ಮಧ್ಯಾಹ್ನ ಇದರ ಕಾಲಬುಡದಾಗ ನೀರು ಚೆಲ್ಲು.

ಗಿನಿಕೋಳಿ ಮೂರು. ಒದರಿದ್ರ ಬೈಬ್ಯಾಡ.
ನರಿ ಬಂದೈತಿ, ಇಲ್ಲಾ ಗ್ಯಾಸಿನ ಗಾಡಿ ಬಂದೈತಿ.
ಎರಡಕ್ಕೂ ಒಂದೇ ದನಿ. ಎದ್ದು ನೋಡೂದು ನಿನ್ನ ಕೆಲಸ.

ಹುಂಜಕ್ಕ ಹೆಸರಿಲ್ಲ.
ಅದರ ಮುಂದ ನೀಲಿ ಲುಂಗಿ ಉಡಬ್ಯಾಡ.

ಹೊಸಾದು ತಂದ್ರ ಹಗಲಾಗ ಬಿಡಬ್ಯಾಡ,
ಕುಕ್ಕಿ ಕುಕ್ಕಿ ಕೊಲ್ಲತಾವ.
ಹತ್ತು ದಿನ ಜಾಳಗಿ ಆಚೆ ಇರಲಿ.
ಆಮ್ಯಾಲ ಒಂದಿನ ಕತ್ತಲಾಗಿ ಎಲ್ಲಾ ಬೊಂಬಿನ ಮ್ಯಾಲ
ಮಂಕಾಗಿ ಕುಂತಾಗ ನಡುವ ಸೇರಿಸು, ಸದ್ದಿಲ್ಲದ.
ಬೆಳಗಾದಾಗ ಒಂದೀಟು ಸಂಶೇ ಪಡತಾವ, ಅಷ್ಟೇ.
ನಾ ಬಂದಾಗ ನನ್ನೂ ಹಾಂಗೇ, ರಾತ್ರಿ ಎರಡಕ್ಕ
ಆರು ಮಂದಿ ಮಲಗಿದ್ದ ಖೋಲ್ಯಾಗ, ದೀಪ ಹಚ್ಚದ...
ಬಿಡು, ಅದು ಬ್ಯಾರೆ ಮಾತು.

ಫ್ರಿಜ್ಜಿನ್ಯಾಗ ಬರ್ಫದ ಬಾಟಲಿ ಅದಾವ.
ಹತ್ತಕ್ಕೊಂದು, ಒಂದಕ್ಕೊಂದು, ನಾಲ್ಕಕ್ಕೊಂದು ನೀರಿಗೆ ಹಾಕು.
ಬಾಯಿ ತೆರೆದು ರೆಕ್ಕಿ ಅಗಲಿಸಿ ನಿಂತಾವಂದ್ರ
ನೀ ತಡಾ ಮಾಡಿ ಅಂತ ತಿಳಿ.

ಉಮ್ ಖಲ್ಫಾನ್ ಬೆಳಿಗ್ಗಿ ತತ್ತಿಗೆ ಬರತಾಳ.
ಆಕಿ ಬಾಯಾಗ ಪ ಇಲ್ಲ. ನನಗ ದ್ಯಾಮಬ್ಬಾ ಅಂತಾಳ.
ನಾಲ್ಕು ವರ್ಷ ಆತು, ತಿದ್ದಿಲ್ಲ.
ಊರಾಗ ಯಾರರ ದ್ಯಾಮಪ್ಪ ಅಂದ್ರ
ಹೊಳ್ಳಿ ನೋಡತೀನೋ ಇಲ್ಲೋ.

ಹೇಳಬಾರದು ಅಂತಿದ್ದೆ.
ಹದಿನೇಳು ಇದ್ವು.
ಹ್ವಾದ ಆಗಸ್ಟಿನಾಗ ಗೂಡಿನ ಫ್ಯಾನು ಸುಟ್ಟುಹೋತು, ರಾತ್ರಿ.
ಗಾಳಿ ಹಸಿ ಕಂಬಳಿ ಹಾಂಗ ಬಿದ್ದಿತ್ತು.
ಎರಡೆರಡು ಬಗಲಾಗ ಹಿಡಿದು
ಎಲ್ಲಾ ನನ್ನ ಖೋಲಿಗೆ ತಂದೆ, ಏಸಿ ಕೆಳಗ.
ಮಂಚ ಕೆಂಪನ್ನವು ಹಿಡಿದವು. ಟ್ರಂಕು ಹುಂಜಂದು.
ಫಯೂಮಿ ಪಡದಿ ಕಂಬಿ ಏರಿದ್ವು.
ನಾ ಹೊಸ್ತಿಲದಾಗ.

ಕರಿ ಜವಾರಿ ಒಂದು ಗೂಡಿನಾಗ ಮಲಗತಿರಲಿಲ್ಲ,
ಖರ್ಜೂರದ ಗಿಡದ ಮ್ಯಾಲ ಅದರ ಠಿಕಾಣಿ.
ಬ್ಯಾಟರಿ ಹಾಕಿ ಹುಡುಕಿದೆ, ಕಾಣಲಿಲ್ಲ,
ಬರತೈತಿ ಬಿಡು ಅಂದೆ.
ಮುಂಜಾನೆ ಗಿಡದ ಬುಡಕ್ಕ ಇತ್ತು, ಕಣ್ಣು ತೆರೆದು.

ಅವತ್ತೇ ನನ್ನ ಹೊಸ ಬೂಟಿನಾಗ ಒಂದು ತತ್ತಿ,
ಇನ್ನೂ ಬೆಚ್ಚಗ. ಯಾರದಂತ ಗೊತ್ತಾಗಲಿಲ್ಲ.
ಈಗ ದಿನಾ ಯಾವುದರೊಂದು ಅದರಾಗೇ ಇಡತೈತಿ.
ಗೂಡಿನ ಮೂಲ್ಯಾಗ ಇಟ್ಟೀನಿ, ತಗೀಬ್ಯಾಡ.
ಚಪ್ಪಲ್ಯಾಗೇ ಹೋಗತೀನಿ, ಇಮಾನದಾಗ ಯಾರು ನೋಡತಾರ.

ಸಂಜೀಕ ಎಣಿಸಿ ಬಾಗಲಾ ಹಾಕು. ಹಾಕಿದ ಮ್ಯಾಲ
ಇನ್ನೊಮ್ಮೆ ಗಿಡಾ ನೋಡು.

ಕೇಳು, ಗಿನಿಕೋಳಿ ಒದರಾಕತ್ತಾವ.
ಕುಂದರು, ಏಳಬ್ಯಾಡ.
ಈ ಸಲ ನರಿ ಅಲ್ಲ.