ನನ್ನ ಪಾಲಿಗೆ ಒಂದೇ ಪೆಟ್ಟು

ಆಷಾಢದಾಗ ಲಗ್ನ ಇಲ್ಲ, ಬ್ಯಾಂಡಿನವರ ಕೈ ಖಾಲಿ.
ವಂದನಪ್ಪ ಮಾಸ್ತರು ಕಾದದ್ದೇ ಈ ತಿಂಗಳಿಗೆ.
ಬೀದರಿನ ಮಂಗಲಪೇಟೆ, ಮಿಷನ್ ಸಾಲಿ ಹಾಲಿನ ಕಿಟಕಿಗೆಲ್ಲ
ಮನಿಮನಿಯ ಕೌದಿ ತಂದು ತೂಗಬಿಟ್ಟಾರ,
ದನಿ ಮರಳಿ ಬಡಿಯಬಾರದಂತ.
ಒಂದು ಕೌದಿಯೊಳಗ ಇನ್ನೂ ಕೂಸಿನ ವಾಸನಿ.

ಬರೆದವ ಯಾವ ದೇಶದವನೋ, ಸತ್ತು ನೂರು ವರ್ಷದ ಮ್ಯಾಲಾತು.
ತೊಂಬತ್ತು ಮಂದಿ ಊದಿ ಬಾರಿಸಲಿ ಅಂತ ಬರೆದ ಸಿಂಫನಿ.
ನಾವು ಮೂವತ್ತೊಂದು.
ನಾಕು ಹಾರ್ನ್ ಇರಬೇಕಾದಲ್ಲಿ
ತುಕಾರಾಮ ಮೇತ್ರೆ, ಅವನ ತಮ್ಮ, ಎರಡು ಯುಫೋನಿಯಂ.
ಹಾರ್ಪಿನ ಬದಲಿ ಚರ್ಚಿನ ಪಿಯಾನೋ, ಏಳು ಪಟ್ಟಿ ಸತ್ತದ್ದು.
ಶಕುಂತಲಾಬಾಯಿ ಶಿಷ್ಯರು ಪಿಟೀಲು ಎದಿಗಿಟ್ಟು
ನೆಲದ ಮ್ಯಾಲೆ ಕುಂತು ಕಲಿತವರು;
ಗದ್ದದ ಕೆಳಗ ಸಿಗಿಸಿಕೊಂಡು ಕುರ್ಚಿ ಮ್ಯಾಲೆ ಕೂಡೂದಕ್ಕ
ಮೂರು ತಿಂಗಳು, ಆರು ಕುತ್ತಿಗಿ ನೋವು.

ನಾನು ಬಿದರಿ ಕೆಲಸದವ. ಮದುವಿ ಸೀಜನ್ನಿನಾಗ ಝಾಂಜ್ ಹೊಡೀತೀನಿ.
ಇಲ್ಲಿ ನನ್ನ ಪಾಲಿಗೆ ಕಡೀ ಭಾಗದಾಗ ಒಂದೇ ಪೆಟ್ಟು.
ಇನ್ನೂರ ಹದಿನೇಳು ಖಾಲಿ ಮನಿ ದಾಟಬೇಕು, ಹೊಡೀಬೇಕು,
ಮತ್ತ ಸುಮ್ಮನಾಗಬೇಕು.
"ಎಣಿಕಿ ತಪ್ಪಿದ್ರ?" ಅಂದೆ.
"ತಪ್ಪತದ," ಅಂದ್ರು ಮಾಸ್ತರು. ಮುಂದ ಏನೂ ಹೇಳಲಿಲ್ಲ.

ಹಗಲೆಲ್ಲ ವಿಮಾನ. ಹಾರೂದು ಕಲಿಯೋ ಹುಡುಗರು
ನೆತ್ತಿ ಮ್ಯಾಲೆ ಆಕಾಶ ಹರದು ಹೊಲೀತಾರ.
ಅದಕ್ಕ ರಾತ್ರಿ ಹನ್ನೊಂದಕ್ಕ ಕದ ಹಾಕಿ, ಫ್ಯಾನ್ ಬಂದ್ ಮಾಡಿ, ಶುರು.
ಮೊದಲನೇದು ಕರೆಂಟ್ ತಿಂತು.
ಎರಡನೇದಕ್ಕ ಓಣಿ ನಾಯಿಗಳು ಸೇರಿದ್ವು, ಸುರ ಬಿಟ್ಟು.
ಮೂರನೇದು ಚಲೋ ಇತ್ತು; ಮಾಸ್ತರೇ ನಿಲ್ಲಿಸಿದ್ರು,
ಛತ್ರಿ ಕಡ್ಡಿಗೆ ಬೂಚು ಸಿಗಿಸಿದ ಆ ಕೋಲು
ತುಕಾರಾಮನ ಕಡೆ ಚಾಚಿ:

"ಬರಾತ್ ಊದಬ್ಯಾಡೋ."
"ಮತ್ತೇನ್ ಊದಲ್ರಿ? ಬರದದ್ದೇ ಊದೀನಿ."
ಪಲ್ಟನ್ ಬ್ಯಾಂಡಿನಾಗ ಇಪ್ಪತ್ತೆರಡು ವರ್ಷ ಕಳೆದವರು
ಕಾಗದ ನೋಡಿದ್ರು, ಬೂಟು ನೋಡಿದ್ರು.
"ಮದುವಿ ಮುಗದದ. ಪೆಂಡಾಲ್ ಬಿಚ್ಚಾಕತ್ತಾರ.
ರೊಕ್ಕ ಕೊಡೋ ಮಾವ ಎಲ್ಲೂ ಕಾಣವಲ್ಲ.
ನೀ ಕತ್ತಲದಾಗ ಒಂದು ಚಪ್ಪಲ್ ಹಾಕ್ಕೊಂಡು
ಇನ್ನೊಂದು ಹುಡುಕಾಕತ್ತಿ. ಆ ಹೊತ್ತು ಊದು."
ಎಲ್ಲರೂ ನಕ್ಕರು. ತುಕಾರಾಮ ನಗಲಿಲ್ಲ.
ಊದಿದ.

ನಾ ಬಿದರಿಯವನ ಲೆಕ್ಕ ಹಿಡಿದಿದ್ದೆ:
ಸುರಾಹಿ ಕುತ್ತಿಗಿಗೆ ಇಷ್ಟು ಎಸಳು, ಎಸಳಿಗೊಂದು ಬೆಳ್ಳಿ ಎಳಿ,
ಮನಿಗೊಂದು ಕೂಡಿಸಕೋತ.
ನೂರ ನಲವತ್ತರ ತನಕ ಗೊತ್ತು.
ಆಮೇಲೆ ಆ ಯುಫೋನಿಯಂ
ಬೆಳ್ಳಿ ಎಳಿ ಕೈಯಿಂದ ಕಿತ್ತುಕೊಂಡು ಎತ್ತ ಹೋಯಿತೋ.
ಎಣಿಸಾಕ ಬಾಯೇ ಉಳೀಲಿಲ್ಲ.
ಎರಡೂ ತಾಟು ಎತ್ತಿ ಹಿಡಿದು ನಿಂತೀನಿ, ತೋಳು ನಡುಗತಾವ,
ಮಾಸ್ತರು ನನ್ನ ಕಡೆ ನೋಡವಲ್ರು.
ಪಿಟೀಲಿನವರ ಕಡೆ ಮುಖ, ಬೆವರಿಗೆ ಬೆನ್ನಿಗಂಟಿದ ಅಂಗಿ.
ಎಡಗೈಯ ಕಿರುಬೆರಳು, ಎಂದೋ ಮುರದು ಸೊಟ್ಟ ಕೂಡಿದ್ದು,
ಸಣ್ಣಗ ಎದ್ದಿತು.
ಹೊಡೆದೆ.

ಕಡೀ ಸ್ವರ ಆರಿದ ಮ್ಯಾಲೂ ಕೈ ಇಳಿಸಲಿಲ್ಲ ಅವರು.
ಯಾರೂ ಉಸಿರು ಬಿಡಲಿಲ್ಲ.
ರೆಕಾರ್ಡಿಂಗ್ ಹುಡುಗ ಜುನೈದಿ ಗುಂಡಿ ಒತ್ತಿದ;
ಕೌದಿ ಹಿಂದ ಫಜರಿನ ಅಜಾನ್ ಶುರುವಾತು.

ಹೆಡ್‌ಫೋನ್ ಒಂದೇ. ಚಹಾದ ಬಶಿ ಹಂಗ ಕೈಯಿಂದ ಕೈಗೆ.
ಎಲ್ಲರೂ ತಮ್ಮ ತಮ್ಮದೇ ಕೇಳಿ ಕೊಟ್ಟರು.
ನಂದು ಕೇಳಿದೆ: ಎಷ್ಟು ಸಣ್ಣದು!
ಆಚಿ ಓಣಿಯಾಗ ಯಾರೋ ಗಡಿಗಿಗೆ ಮುಚ್ಚಳ ಇಟ್ಟಂಗ.
ಸರಿಯಾದ ಮನಿಯೊಳಗ ಬಿದ್ದಿತೋ ಇಲ್ಲೋ ತಿಳೀಲಿಲ್ಲ.

ಕಡೀಕ ಮಾಸ್ತರು ಹಾಕ್ಕೊಂಡ್ರು, ಕಣ್ಣು ಮುಚ್ಚಿ.
ಬಿದರಿ ಕಪ್ಪಾಗಾಕ ಕಿಲ್ಲೇದ ಮಣ್ಣು ಬೇಕು; ಎಲ್ಲಾ ಮಣ್ಣೂ ನಡಿಯೂದಿಲ್ಲ,
ಅಬ್ಬಾ ಒಂದು ಚಿಟಿಕಿ ನಾಲಿಗಿ ಮ್ಯಾಲಿಟ್ಟು ನೋಡತಿದ್ದ.
ಹಂಗೇ ಆಡಾಕತ್ತಿತ್ತು ಮಾಸ್ತರ ದವಡಿ.
ಉಗುಳತಾರೋ ನುಂಗತಾರೋ
ಅಂತ ನೋಡಕೋತ ನಿಂತೆ.